ಬಾಗಿಲು ಮುಚ್ಚಿದಾಗಲೆಲ್ಲ ಕ್ಲಾದ್ನೊ: ಯಾರೊಮೀರ್ ಯಾಗರ್ ಸುತ್ತಿದ ಊರುಗಳು

ಮೊದಲು ಒಂದು ಪಟ್ಟಿ ಓದಿಬಿಡುತ್ತೇನೆ. ಪಿಟ್ಸ್‌ಬರ್ಗ್, ವಾಷಿಂಗ್ಟನ್, ನ್ಯೂಯಾರ್ಕ್, ಫಿಲಡೆಲ್ಫಿಯಾ, ಡಲ್ಲಾಸ್, ಬಾಸ್ಟನ್, ನ್ಯೂಜೆರ್ಸಿ, ಫ್ಲಾರಿಡಾ, ಕ್ಯಾಲ್ಗರಿ. ಅಮೆರಿಕ ಮತ್ತು ಕೆನಡಾದಲ್ಲಿ ನಡೆಯುವ ಎನ್‌ಎಚ್‌ಎಲ್ ಎಂಬ ಐಸ್ ಹಾಕಿ ಲೀಗಿನ ಒಂಬತ್ತು ತಂಡಗಳು ಇವು. ಇದಕ್ಕೆ ಸೈಬೀರಿಯಾದ ಓಮ್ಸ್ಕ್ ಸೇರಿಸಿಕೊಳ್ಳಿ. ಇಟಲಿಯ ಬೊಲ್ಜಾನೊ, ಜರ್ಮನಿಯ ಶಾಲ್ಕೆ ಸೇರಿಸಿ. ಕೊನೆಗೆ ಜೆಕ್ ದೇಶದ ಕ್ಲಾದ್ನೊ. ಇಷ್ಟೂ ಕಡೆ ಆಡಿದ್ದು ಒಬ್ಬರೇ. ಹೆಸರು ಯಾರೊಮೀರ್ ಯಾಗರ್.

ಹಾಕಿ ಅಂದ ಕೂಡಲೇ ನಮ್ಮ ಮನಸ್ಸು ಕೊಡಗಿನ ಕಡೆ ಹೋಗುತ್ತದೆ. ಇದು ಆ ಹಾಕಿ ಅಲ್ಲ. ಅದಕ್ಕೇ ಎರಡು ಮಾತು. ಸುಮಾರು 60 ಮೀಟರ್ ಉದ್ದದ ಮಂಜಿನ ಅಂಗಳ, ಸುತ್ತ ಗೋಡೆ. ಗೋಲಿ, ಅಂದರೆ ಗೋಲು ಕಾಯುವವನು, ಸೇರಿ ಒಂದೊಂದು ಕಡೆ ಆರು ಜನ. ಚೆಂಡಿನ ಬದಲು 170 ಗ್ರಾಮಿನಷ್ಟು ತೂಗುವ ಗಟ್ಟಿ ರಬ್ಬರಿನ ಬಿಲ್ಲೆ. ಅದಕ್ಕೆ ಪಕ್ ಅನ್ನುತ್ತಾರೆ. ಎದುರಾಳಿಗೆ ಮೈಯಿಂದಲೇ ಡಿಕ್ಕಿ ಹೊಡೆಯುವುದು ಇಲ್ಲಿ ತಪ್ಪಲ್ಲ, ಆಟದ ಭಾಗ. ಒಬ್ಬ ಆಟಗಾರ ಒಂದು ಸಲಕ್ಕೆ ಮುಕ್ಕಾಲು ನಿಮಿಷ ಆಡಿದರೆ ಉಸಿರು ಕಟ್ಟುತ್ತದೆ. ಬೆಂಚಿಗೆ ಬಂದು ಕೂರುತ್ತಾನೆ, ಇನ್ನೊಬ್ಬ ಹೋಗುತ್ತಾನೆ. ಹಾಗಾಗಿ 35 ದಾಟಿತು ಅಂದರೆ ಹೆಚ್ಚಿನವರ ಕಥೆ ಮುಗೀತು. ಯಾಗರ್ 52 ದಾಟಿದ ಮೇಲೂ ಆಡಿದರು. ಸುಮ್ನೆ ಪ್ರದರ್ಶನ ಪಂದ್ಯ ಅಲ್ಲ. ಜೆಕ್ ದೇಶದ ಮೊದಲ ದರ್ಜೆಯ ಲೀಗಿನಲ್ಲಿ.

ಇನ್ನೊಂದು ಲೆಕ್ಕ ಹೇಳಿ ಮುಂದೆ ಹೋಗುತ್ತೇನೆ. ಈ ಆಟದಲ್ಲಿ ಗೋಲು ಹೊಡೆದರೆ ಒಂದು ಪಾಯಿಂಟ್. ಆ ಗೋಲಿಗೆ ಪಕ್ ಒದಗಿಸಿದವರಿಗೂ ಒಂದು ಪಾಯಿಂಟ್, ಅದು ಅಸಿಸ್ಟ್. ಯಾಗರ್ ಎನ್‌ಎಚ್‌ಎಲ್‌ನಲ್ಲಿ 1,733 ಪಂದ್ಯ ಆಡಿ, 766 ಗೋಲು ಮತ್ತು 1,155 ಅಸಿಸ್ಟ್ ಮಾಡಿದರು. ಒಟ್ಟು 1,921 ಪಾಯಿಂಟ್. ಅವರಿಗಿಂತ ಮುಂದೆ ಇರುವುದು ಒಬ್ಬರೇ, ವೇಯ್ನ್ ಗ್ರೆಟ್‌ಸ್ಕಿ. ಗ್ರೆಟ್‌ಸ್ಕಿಯ 2,857 ಯಾರಿಗೂ ಎಟುಕುವಂಥದ್ದಲ್ಲ, ಅದನ್ನು ಪಕ್ಕಕ್ಕಿಡಿ.

ಕೆನಡಾದಲ್ಲಿ ಅಭಿಮಾನಿಗಳ ಒಂದು ಗುಂಪಿತ್ತು. ಒಬ್ಬೊಬ್ಬರೂ ಯಾಗರ್ ಆಡಿದ ಒಂದೊಂದು ತಂಡದ ಜೆರ್ಸಿ ಹಾಕಿಕೊಂಡು ಬರುತ್ತಿದ್ದರು. ಹಿಂದೆ ಜೋತುಬಿದ್ದ ಉದ್ದ ಕೂದಲು ಯಾಗರ್ ಗುರುತು. ಇವರೆಲ್ಲ ತಲೆಗೆ ಅಂಥದ್ದೇ ವಿಗ್ಗು ಸಿಕ್ಕಿಸಿಕೊಂಡು ಸಾಲಾಗಿ ಕೂತು ಪಂದ್ಯ ನೋಡುತ್ತಿದ್ದರು. ಟ್ರಾವೆಲಿಂಗ್ ಯಾಗರ್ಸ್ ಅಂತಲೇ ಹೆಸರು. ತಮಾಷೆ ಚೆನ್ನಾಗಿದೆ. ಆದರೆ ಜೆರ್ಸಿ ಎಣಿಸಿ ನಕ್ಕು ಬಿಟ್ಟರೆ ಮುಖ್ಯವಾದದ್ದು ತಪ್ಪಿಹೋಗುತ್ತದೆ. 18ರ ಹುಡುಗ ಊರು ಬಿಟ್ಟಿದ್ದಕ್ಕೂ 41ರ ಮನುಷ್ಯ ಊರು ಬದಲಿಸಿದ್ದಕ್ಕೂ ಕಾರಣ ಒಂದೇ ಅಲ್ಲ. ಅದನ್ನೇ ಇವತ್ತು ಒಂದೊಂದಾಗಿ ನೋಡೋಣ.

ಕ್ಲಾದ್ನೊದಿಂದ ಶುರು ಮಾಡಬೇಕು. ಪ್ರಾಗ್‌ನಿಂದ 25 ಕಿಲೋಮೀಟರ್ ದೂರದ ಊರು. ಕಲ್ಲಿದ್ದಲ ಗಣಿ, ಪೋಲ್ದಿ ಎಂಬ ದೊಡ್ಡ ಉಕ್ಕಿನ ಕಾರ್ಖಾನೆ. ಊರಿನ ಹಾಕಿ ತಂಡಕ್ಕೂ ಕಾರ್ಖಾನೆಯದ್ದೇ ಆಸರೆ. 1975ರಿಂದ 1980ರವರೆಗೆ ಆರು ವರ್ಷದಲ್ಲಿ ಐದು ಸಲ ಈ ತಂಡ ಜೆಕೊಸ್ಲೊವಾಕಿಯಾದ ಚಾಂಪಿಯನ್. ಯಾಗರ್ ಹುಟ್ಟಿದ್ದು 1972ರ ಫೆಬ್ರವರಿ 15ರಂದು. ಅಂದರೆ ಆಟ ಕಲಿಯುವ ವಯಸ್ಸಿಗೆ ಬಂದಾಗ ದೇಶದ ಅತ್ಯುತ್ತಮ ತಂಡ ಅವರ ಬೀದಿಯ ಕೊನೆಯಲ್ಲೇ ಆಡುತ್ತಿತ್ತು. ಇದು ಸಣ್ಣ ವಿಷಯ ಅಲ್ಲ. ಟೊಮಾಶ್ ಪ್ಲೆಕಾನೆಟ್ಸ್, ಯಾಕುಬ್ ವೊರಾಚೆಕ್, ಕಾಬೆರ್ಲೆ ಅಣ್ಣತಮ್ಮಂದಿರು, ಎಲ್ಲರೂ ಇದೇ ಊರಿನ ಅಂಗಳದಿಂದ ಎನ್‌ಎಚ್‌ಎಲ್‌ಗೆ ಹೋದವರು.

ಮನೆಯಲ್ಲಿ ಇನ್ನೊಂದು ಕಥೆ ಇತ್ತು. ಯಾಗರ್ ಅಜ್ಜ ರೈತರು. ಕಮ್ಯುನಿಸ್ಟ್ ಸರ್ಕಾರ ಜಮೀನನ್ನು ಸಾಮೂಹಿಕ ಬೇಸಾಯಕ್ಕೆ ಕಿತ್ತುಕೊಂಡಿತು. ಅಜ್ಜ ಒಪ್ಪಲಿಲ್ಲ, ಜೈಲಿಗೆ ಹೋದರು. ಅವರು ತೀರಿಕೊಂಡದ್ದು 1968ರಲ್ಲಿ. ಅದೇ ವರ್ಷ ಆಗಸ್ಟಿನಲ್ಲಿ ಸೋವಿಯತ್ ಟ್ಯಾಂಕುಗಳು ಪ್ರಾಗ್‌ಗೆ ನುಗ್ಗಿದವು. ಯಾಗರ್ ಬೆನ್ನ ಮೇಲಿನ ನಂಬರ್ 68 ಬಂದದ್ದು ಅಲ್ಲಿಂದ. ಎನ್‌ಎಚ್‌ಎಲ್‌ನ ಒಂಬತ್ತು ತಂಡದಲ್ಲೂ ಅದೇ ನಂಬರ್. ಶಾಲೆಗೆ ಹೋಗುವಾಗ ಈ ಹುಡುಗ ಪುಸ್ತಕದೊಳಗೆ ರೊನಾಲ್ಡ್ ರೇಗನ್ ಫೋಟೊ ಇಟ್ಟುಕೊಂಡಿದ್ದ. ಆ ಕಾಲದ ಜೆಕ್ ಶಾಲೆಯಲ್ಲಿ ಅಮೆರಿಕದ ಅಧ್ಯಕ್ಷನ ಫೋಟೊ! ಮೇಷ್ಟ್ರ ಕೈಗೆ ಸಿಕ್ಕಿದರೆ ಏನಾಗಬಹುದು ಅಂತ ಗೊತ್ತಿದ್ದೂ ಇಟ್ಟುಕೊಂಡಿದ್ದ.

ಇಲ್ಲಿ ಸ್ವಲ್ಪ ದಾರಿ ತಪ್ಪುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಆ ದೇಶದಲ್ಲಿ ಹಾಕಿ ಬರೀ ಆಟ ಆಗಿರಲಿಲ್ಲ. 1950ರ ಮಾರ್ಚಿನಲ್ಲಿ ರಾಷ್ಟ್ರೀಯ ತಂಡ ವಿಶ್ವ ಚಾಂಪಿಯನ್‌ಶಿಪ್‌ಗೆ ಲಂಡನ್‌ಗೆ ಹೊರಟು ನಿಂತಿತ್ತು. ಹೋದವರು ವಾಪಸ್ ಬರುವುದಿಲ್ಲ ಎಂಬ ಅನುಮಾನದ ಮೇಲೆ ಆಟಗಾರರನ್ನೇ ಹಿಡಿದು ಒಳಗೆ ಹಾಕಿದರು. ಗೋಲಿ ಬೊಹುಮಿಲ್ ಮೊದ್ರಿಗೆ 15 ವರ್ಷ ಶಿಕ್ಷೆ. ಕೆಲವರು ಯುರೇನಿಯಂ ಗಣಿಯಲ್ಲಿ ದುಡಿದರು. ಹಿಂದಿನ ವರ್ಷ ವಿಶ್ವ ಚಾಂಪಿಯನ್ ಆಗಿದ್ದ ತಂಡ ಅದು! ಮುಂದೆ 1969ರಲ್ಲಿ, ಟ್ಯಾಂಕು ಬಂದ ಮರುವರ್ಷ, ಸ್ಟಾಕ್‌ಹೋಮ್‌ನಲ್ಲಿ ಜೆಕೊಸ್ಲೊವಾಕಿಯಾ ಸೋವಿಯತ್ ತಂಡವನ್ನು ಒಂದಲ್ಲ, ಎರಡು ಸಲ ಸೋಲಿಸಿತು. 2–0, ಆಮೇಲೆ 4–3. ಪ್ರಾಗ್‌ನಲ್ಲಿ ಜನ ಬೀದಿಗೆ ಇಳಿದರು. ಸೋವಿಯತ್ ವಿಮಾನ ಸಂಸ್ಥೆಯ ಕಚೇರಿ ಪುಡಿಯಾಯಿತು. ನೀವು ಟ್ಯಾಂಕು ಕೊಟ್ಟಿರಿ, ನಾವು ಗೋಲು ಕೊಟ್ಟೆವು ಅಂತ ಕೂಗಿದರು. ಯಾಗರ್ ಬೆಳೆದದ್ದು ಇಂಥ ನೆನಪುಗಳ ನಡುವೆ. ಅವರಿಗಿಂತ ಹಿಂದಿನ ತಲೆಮಾರಿನವರಿಗೆ ಎನ್‌ಎಚ್‌ಎಲ್‌ನಲ್ಲಿ ಆಡಬೇಕು ಅಂದರೆ ಇದ್ದ ದಾರಿ ಹೆಚ್ಚುಕಡಿಮೆ ಒಂದೇ, ಓಡಿಹೋಗುವುದು. ಓಡಿಹೋದರೆ ಅಪ್ಪ ಅಮ್ಮನ ಮುಖ ಮತ್ತೆ ನೋಡುವ ಖಾತ್ರಿ ಇಲ್ಲ.

ಪೀಟರ್ ನೆದ್ವೆದ್ ಎಂಬ ಹುಡುಗ ಹಾಗೆಯೇ ಮಾಡಿದ್ದ. 1989ರ ಜನವರಿಯಲ್ಲಿ ಕ್ಯಾಲ್ಗರಿಗೆ ಎಳೆಯರ ಪಂದ್ಯಾವಳಿಗೆ ಹೋದವನು ಅಲ್ಲೇ ಉಳಿದ. ಅದೇ ವರ್ಷದ ನವೆಂಬರಿನಲ್ಲಿ ಪ್ರಾಗ್‌ನಲ್ಲಿ ಸರ್ಕಾರವೇ ಉರುಳಿತು. 1990ರ ಜೂನ್‌ನಲ್ಲಿ ವ್ಯಾಂಕೂವರ್‌ನಲ್ಲಿ ಎನ್‌ಎಚ್‌ಎಲ್ ಡ್ರಾಫ್ಟ್ ನಡೆದಾಗ ಯಾಗರ್ ಪಾಸ್‌ಪೋರ್ಟ್ ಹಿಡಿದು, ಎಲ್ಲರ ಎದುರೇ ಸಭಾಂಗಣದಲ್ಲಿ ಕೂತಿದ್ದರು. ಓಡಿಬರದೆ ಡ್ರಾಫ್ಟಿಗೆ ಬಂದು ಕೂತ ಮೊದಲ ಜೆಕೊಸ್ಲೊವಾಕಿಯಾದ ಆಟಗಾರ ಅವರು. ನೆದ್ವೆದ್ ಎರಡನೆಯವನಾಗಿ ಆಯ್ಕೆಯಾದ, ಯಾಗರ್ ಐದನೆಯವರಾಗಿ. ಇಬ್ಬರ ನಡುವೆ ಅಂತರ ಒಂದೂವರೆ ವರ್ಷ ಕೂಡ ಇಲ್ಲ. ಒಬ್ಬ ಕದ್ದು ಬಂದ, ಇನ್ನೊಬ್ಬರು ಟಿಕೆಟ್ ತಗೊಂಡು ಬಂದರು.

ಡ್ರಾಫ್ಟ್ ಅಂದರೆ ನಮ್ಮ ಐಪಿಎಲ್ ಹರಾಜಿನ ಹಾಗಲ್ಲ. ಇಲ್ಲಿ ಬೋಲಿ ಕೂಗುವುದಿಲ್ಲ. ಹಿಂದಿನ ವರ್ಷ ಸೋತು ಸುಣ್ಣವಾದ ತಂಡಗಳು ಮೊದಲು ಆರಿಸಿಕೊಳ್ಳುತ್ತವೆ, ಗೆದ್ದವರು ಕೊನೆಗೆ. ಯಾವ ಊರಿಗೆ ಹೋಗಬೇಕು ಅಂತ ಆಟಗಾರ ಹೇಳುವ ಹಾಗಿಲ್ಲ. ಆದರೂ ಯಾಗರ್ ಜಾಣತನ ಮಾಡಿದರಂತೆ. ಮೊದಲು ಆರಿಸುವ ತಂಡಗಳು ಕೇಳಿದಾಗ, ನಾನು ಈಗಲೇ ಬರುವುದು ಕಷ್ಟ ಅಂದರಂತೆ. ಪಿಟ್ಸ್‌ಬರ್ಗ್‌ನವರು ಕೇಳಿದಾಗ ಮಾತ್ರ ನಾಳೆಯೇ ಬರುತ್ತೇನೆ ಅಂದರಂತೆ. ಕಾರಣ ಇತ್ತು. ಅಲ್ಲಿ ಅವರು ಆರಾಧಿಸುತ್ತಿದ್ದ ಮಾರಿಯೊ ಲೆಮ್ಯೂ ಇದ್ದರು.

ಹಾಗೆ 18ರ ಹುಡುಗ ಪಿಟ್ಸ್‌ಬರ್ಗ್‌ಗೆ ಬಂದ. ಒಂದು ಉಕ್ಕಿನ ಊರಿನಿಂದ ಇನ್ನೊಂದು ಉಕ್ಕಿನ ಊರಿಗೆ. ಇಂಗ್ಲಿಷ್ ಬರುತ್ತಿರಲಿಲ್ಲ. ಅಲ್ಲಿ ನೆಲೆಸಿದ್ದ ಒಂದು ಜೆಕ್ ಕುಟುಂಬದ ಮನೆಯಲ್ಲಿ ಇದ್ದ. ಅಮ್ಮನ ನೆನಪು, ಊರ ನೆನಪು. ಮೊದಲ ತಿಂಗಳುಗಳಲ್ಲಿ ಆಟವೂ ಕುದುರಲಿಲ್ಲ. ಆಗ ತಂಡದವರು ಮಾಡಿದ ಕೆಲಸ ನನಗೆ ತುಂಬಾ ಇಷ್ಟ. ಆ ಡಿಸೆಂಬರಿನಲ್ಲಿ ಕ್ಯಾಲ್ಗರಿ ತಂಡದಿಂದ ಯಿರ್ಜಿ ಹರ್ದಿನಾ ಎಂಬ ಹಿರಿಯ ಜೆಕ್ ಆಟಗಾರರನ್ನು ಕರೆಸಿಕೊಂಡರು. ಆಟಕ್ಕೂ ಬೇಕಿತ್ತು, ನಿಜ. ಆದರೆ ಹುಡುಗನ ಜೊತೆ ಜೆಕ್ ಮಾತಾಡಲು ಒಬ್ಬರು ಬೇಕಿತ್ತು, ಅದೂ ಅಷ್ಟೇ ನಿಜ. ಮಾತಾಡುವವರು ಸಿಕ್ಕ ಮೇಲೆ ಹುಡುಗ ಅರಳಿದ. ಮೊದಲ ವರ್ಷವೇ 80 ಪಂದ್ಯದಲ್ಲಿ 27 ಗೋಲು, 57 ಪಾಯಿಂಟ್. ವರ್ಷದ ಕೊನೆಗೆ ಎನ್‌ಎಚ್‌ಎಲ್ ಚಾಂಪಿಯನ್‌ಗಳಿಗೆ ಸಿಗುವ ಸ್ಟಾನ್ಲಿ ಕಪ್. ಆಗ ವಯಸ್ಸು 19. ಮುಂದೆ ಅಮ್ಮ ಆನ್ನಾ ಕೂಡ ಬಂದು ಮಗನ ಜೊತೆ ಪಿಟ್ಸ್‌ಬರ್ಗ್‌ನಲ್ಲಿ ಇದ್ದರು. ಕಿಟ್‌ಕ್ಯಾಟ್ ಇಷ್ಟ ಅಂತ ಹುಡುಗ ಒಂದು ಸಲ ಬಾಯಿಬಿಟ್ಟಿದ್ದಕ್ಕೆ ಅಭಿಮಾನಿಗಳು ರಾಶಿ ರಾಶಿ ಕಳಿಸಿದರಂತೆ. ಆಮೇಲೆ ಅವರ ಹೆಸರಿನದ್ದೇ ಒಂದು ಕಡಲೆಬೀಜದ ಬೆಣ್ಣೆಯ ಚಾಕೊಲೇಟ್ ಬಂತು.

1992ರ ಫೈನಲಿನ ಮೊದಲ ಪಂದ್ಯ ಹೇಳದೆ ಮುಂದೆ ಹೋಗಲಾರೆ. ಇಲ್ಲಿ ಫೈನಲ್ ಅಂದರೆ ಒಂದೇ ಪಂದ್ಯ ಅಲ್ಲ, ಮೊದಲು ನಾಲ್ಕು ಪಂದ್ಯ ಗೆದ್ದವರಿಗೆ ಕಪ್. ಎದುರಾಳಿ ಶಿಕಾಗೊ. ಒಂದು ಹಂತದಲ್ಲಿ ಶಿಕಾಗೊ 4–1 ಮುಂದೆ. ಪಿಟ್ಸ್‌ಬರ್ಗ್ ಹೇಗೋ 4–3ಕ್ಕೆ ತಂದಿತ್ತು. ಐದು ನಿಮಿಷಕ್ಕಿಂತ ಕಡಿಮೆ ಉಳಿದಿದೆ. ಯಾಗರ್ ಗೋಡೆ ಬದಿಯಲ್ಲಿ ಪಕ್ ಹಿಡಿದು ಒಳಗೆ ತಿರುಗಿದರು. ಒಬ್ಬ ಬಂದ, ತಪ್ಪಿಸಿದರು. ಇನ್ನೊಬ್ಬ ಬಂದ, ಅವನ ಕೈಗೂ ಸಿಗಲಿಲ್ಲ. ಗುಂಪಿನ ನಡುವೆಯೇ ನುಸುಳಿ ಗೋಲಿನ ಮುಂದೆ ಬಂದು ಬ್ಯಾಕ್‌ಹ್ಯಾಂಡ್‌ನಲ್ಲಿ ಒಳಗೆ ಹಾಕಿದರು. 4–4. ಆಮೇಲೆ 13 ಸೆಕೆಂಡು ಉಳಿದಿರುವಾಗ ಲೆಮ್ಯೂ ಗೆಲುವಿನ ಗೋಲು ಹೊಡೆದರು. ಉಳಿದ ಮೂರು ಪಂದ್ಯವನ್ನೂ ಪಿಟ್ಸ್‌ಬರ್ಗ್ ಗೆದ್ದಿತು. ಎರಡು ವರ್ಷದಲ್ಲಿ ಎರಡು ಕಪ್, ವಯಸ್ಸು 20. ಆ ಗೋಲಿನ ವಿಡಿಯೊ ಸಿಗುತ್ತದೆ, ಮನೆಗೆ ಹೋದ ಮೇಲೆ ನೋಡಿ.

ಅವರ ಆಟದ ಗುಟ್ಟು ಕಾಲಲ್ಲಿದೆ. ಚಿಕ್ಕಂದಿನಲ್ಲಿ ದಿನಕ್ಕೆ ಸಾವಿರ ಬಸ್ಕಿ ಹೊಡೆಯುತ್ತಿದ್ದೆ ಎಂದು ಯಾಗರ್ ಹೇಳಿಕೊಂಡಿದ್ದಾರೆ. ಆರಡಿ ಮೂರಂಗುಲದ ದೊಡ್ಡ ಮೈ. ಎದುರಾಳಿಗೆ ಬೆನ್ನು ಕೊಟ್ಟು, ತೊಡೆ ಅಗಲಿಸಿ, ಹಿಂಭಾಗವನ್ನು ಅವನಿಗೆ ಆನಿಸಿ ನಿಲ್ಲುತ್ತಿದ್ದರು. ಪಕ್ ಮೈಯ ಆ ಬದಿಗೆ, ಉದ್ದ ಕೋಲಿನ ತುದಿಯಲ್ಲಿ. ಎದುರಾಳಿ ಎಷ್ಟು ತಳ್ಳಿದರೂ ಮರದ ಬೊಡ್ಡೆ ತಳ್ಳಿದ ಹಾಗೆ. ಈ ವಿದ್ಯೆ ವೇಗದ ಮೇಲೆ ನಿಂತದ್ದಲ್ಲ ಅನ್ನುವುದನ್ನು ಗಮನಿಸಿ. ವೇಗ 30ಕ್ಕೆ ಇಳಿಯಲು ಶುರುವಾಗುತ್ತದೆ. ತೊಡೆಯ ಬಲ, ಕೈಯ ನಯ, ಮುಂದೆ ಏನಾಗುತ್ತದೆ ಎಂಬ ಅಂದಾಜು, ಇವು ಅಷ್ಟು ಬೇಗ ಹೋಗುವುದಿಲ್ಲ.

1994ರಲ್ಲಿ ಎನ್‌ಎಚ್‌ಎಲ್‌ನಲ್ಲಿ ಲಾಕೌಟ್ ಆಯಿತು. ಕಾರ್ಖಾನೆಗಳಲ್ಲಿ ಆಗುವ ಹಾಗೆಯೇ. ಮಾಲೀಕರಿಗೂ ಆಟಗಾರರಿಗೂ ಒಪ್ಪಂದ ಕುದುರದೆ ಮಾಲೀಕರು ಬಾಗಿಲು ಹಾಕಿದರು. ಯಾಗರ್ ಎಲ್ಲಿಗೆ ಹೋದರು? ಕ್ಲಾದ್ನೊಗೆ. ಅಲ್ಲಿಂದ ಬೊಲ್ಜಾನೊದಲ್ಲಿ ಕೆಲವು ಪಂದ್ಯ, ಶಾಲ್ಕೆಯಲ್ಲಿ ಒಂದೇ ಒಂದು ಪಂದ್ಯ. 2004ರಲ್ಲಿ ಮತ್ತೆ ಲಾಕೌಟ್, ಮತ್ತೆ ಕ್ಲಾದ್ನೊ. 2012ರಲ್ಲಿ ಮೂರನೇ ಸಲ ಲಾಕೌಟ್, ಮೂರನೇ ಸಲವೂ ಕ್ಲಾದ್ನೊ. ಅವರ ಅಲೆದಾಟದ ನಕ್ಷೆ ಬರೆದರೆ ಗೆರೆಗಳೆಲ್ಲ ಎಲ್ಲೆಲ್ಲೋ ಹೋಗುತ್ತವೆ, ಈ ಒಂದು ಚುಕ್ಕಿಗೆ ಮಾತ್ರ ಮತ್ತೆ ಮತ್ತೆ ಬರುತ್ತವೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1994ರ ಲಾಕೌಟ್ ಮುಗಿದು 1995ರಲ್ಲಿ ಬರೀ 48 ಪಂದ್ಯದ ಸೀಸನ್ ನಡೆಯಿತು. ಲೆಮ್ಯೂ ಕ್ಯಾನ್ಸರ್ ಚಿಕಿತ್ಸೆಯ ನಂತರದ ಸುಸ್ತಿನಿಂದ ಆ ವರ್ಷ ಆಡಲಿಲ್ಲ. ಯಾಗರ್ ಮತ್ತು ಎರಿಕ್ ಲಿಂಡ್ರೋಸ್ ಇಬ್ಬರದ್ದೂ 70 ಪಾಯಿಂಟ್. ಗೋಲು ಜಾಸ್ತಿ ಇದ್ದದ್ದರಿಂದ ಹೆಚ್ಚು ಪಾಯಿಂಟ್ ಗಳಿಸಿದವರಿಗೆ ಕೊಡುವ ಆರ್ಟ್ ರಾಸ್ ಟ್ರೋಫಿ ಯಾಗರ್‌ಗೆ ಹೋಯಿತು. ಮುಂದಿನ ವರ್ಷ ಲೆಮ್ಯೂ ವಾಪಸ್ ಬಂದರು, ಟ್ರೋಫಿ ಅವರದ್ದಾಯಿತು. ಯಾಗರ್ 149 ಪಾಯಿಂಟ್ ಗಳಿಸಿಯೂ ಎರಡನೆಯವರು! ಆಮೇಲೆ 1998ರಿಂದ 2001ರವರೆಗೆ ಸತತ ನಾಲ್ಕು ವರ್ಷ ಆರ್ಟ್ ರಾಸ್ ಅವರದ್ದೇ.

ನಡುವೆ 1998ರ ನಗಾನೊ ಒಲಿಂಪಿಕ್ಸ್. ಎನ್‌ಎಚ್‌ಎಲ್ ತನ್ನ ಆಟಗಾರರನ್ನು ಮೊದಲ ಸಲ ಒಲಿಂಪಿಕ್ಸ್‌ಗೆ ಬಿಟ್ಟ ವರ್ಷ. ಕೆನಡಾ, ಅಮೆರಿಕ ತಾರೆಗಳಿಂದ ತುಂಬಿದ್ದವು. ಜೆಕ್ ತಂಡದ ಅರ್ಧದಷ್ಟು ಜನ ಯುರೋಪಿನ ಲೀಗುಗಳಲ್ಲಿ ಆಡುವವರು. ಸೆಮಿಫೈನಲ್‌ನಲ್ಲಿ ಕೆನಡಾದ ಎದುರು ಶೂಟೌಟ್. ಗೋಲಿ ದೊಮಿನಿಕ್ ಹಾಶೆಕ್ ಐದಕ್ಕೆ ಐದನ್ನೂ ತಡೆದರು. ಫೈನಲಿನಲ್ಲಿ ರಷ್ಯಾ. 1–0. ಪೀಟರ್ ಸ್ವೊಬೊದಾ ಹೊಡೆದ ಒಂದೇ ಗೋಲು. ಹಾಶೆಕ್ ಈ ಕಥೆಯ ನಾಯಕ, ಯಾಗರ್ ಅಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಆದರೆ ಬೆನ್ನ ಮೇಲೆ 68 ಹೊತ್ತವರಿಗೆ ರಷ್ಯಾ ವಿರುದ್ಧದ ಫೈನಲ್ ಅಂದರೆ ಏನು ಅಂತ ನಾನು ಬಿಡಿಸಿ ಹೇಳಬೇಕಿಲ್ಲ ಅಲ್ವಾ? ಪ್ರಾಗ್‌ನ ಹಳೇ ಪಟ್ಟಣದ ಚೌಕ ಜನರಿಂದ ತುಂಬಿಹೋಯಿತು. ಕೆಲವು ವರ್ಷದ ನಂತರ ಆ ಗೆಲುವಿನ ಮೇಲೆ ಪ್ರಾಗ್‌ನಲ್ಲಿ ಒಂದು ಒಪೆರಾ ಕೂಡ ನಡೆಯಿತು.

ಇತ್ತ ಪಿಟ್ಸ್‌ಬರ್ಗ್ ತಂಡ ಸಾಲದಲ್ಲಿ ಮುಳುಗುತ್ತಿತ್ತು. 1998ರಲ್ಲಿ ದಿವಾಳಿ ಅರ್ಜಿ ಹಾಕಿತು. 1999ರ ಪ್ಲೇಆಫ್‌ನಲ್ಲಿ ನ್ಯೂಜೆರ್ಸಿ ಎದುರು ಆರನೇ ಪಂದ್ಯ, ಸೋತರೆ ಮನೆಗೆ. ಯಾಗರ್‌ಗೆ ತೊಡೆಸಂದಿನ ಗಾಯ. ನಡೆಯುವುದೇ ಕಷ್ಟ ಇದ್ದರೂ ಆಡಲು ಇಳಿದರು. ಕೊನೆಯ ನಿಮಿಷಗಳಲ್ಲಿ ಸಮ ಮಾಡಿದರು, ಹೆಚ್ಚುವರಿ ಅವಧಿಯಲ್ಲಿ ಗೆಲುವಿನ ಗೋಲನ್ನೂ ಅವರೇ ಹೊಡೆದರು. ಮುಂದಿನ ಪಂದ್ಯವನ್ನೂ ಗೆದ್ದು ತಂಡ ಎರಡನೇ ಸುತ್ತಿಗೆ ಹೋಯಿತು. ಇನ್ನಷ್ಟು ಪಂದ್ಯ, ಇನ್ನಷ್ಟು ಟಿಕೆಟ್ ಹಣ. ಆ ರಾತ್ರಿಯೇ ತಂಡ ಊರಲ್ಲಿ ಉಳಿಯಿತು ಅಂತ ಅಲ್ಲಿನ ಜನ ಈಗಲೂ ಹೇಳುತ್ತಾರೆ. ಅದೇ ವರ್ಷ ಲೆಮ್ಯೂ ತಂಡದ ಮಾಲೀಕರಾದರು. ಸಂಬಳದ ರೂಪದಲ್ಲಿ ತಂಡ ಅವರಿಗೆ ಕೊಡಬೇಕಾಗಿದ್ದ ದೊಡ್ಡ ಬಾಕಿಯೇ ಅವರ ಬಂಡವಾಳ! ಆದರೂ ದುಡ್ಡಿನ ಇಕ್ಕಟ್ಟು ತಪ್ಪಲಿಲ್ಲ. 2001ರ ಜುಲೈನಲ್ಲಿ ಲೀಗಿನ ಅತ್ಯುತ್ತಮ ಆಟಗಾರ ಯಾಗರ್ ಅವರನ್ನು ವಾಷಿಂಗ್ಟನ್‌ಗೆ ಬಿಟ್ಟುಕೊಟ್ಟರು. ಬದಲಿಗೆ ಸಿಕ್ಕಿದ್ದು ಮೂವರು ಎಳೆಯ ಆಟಗಾರರು ಮತ್ತು ಒಂದಿಷ್ಟು ಹಣ. ಆ ಮೂವರಲ್ಲಿ ಯಾರೂ ದೊಡ್ಡ ಹೆಸರು ಮಾಡಲಿಲ್ಲ.

ವಾಷಿಂಗ್ಟನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಏಳು ವರ್ಷಕ್ಕೆ 7.7 ಕೋಟಿ ಡಾಲರ್ ಒಪ್ಪಂದ, ಅಷ್ಟು ಹಣಕ್ಕೆ ತಕ್ಕ ಆಟ ಬರಲಿಲ್ಲ. ನನ್ನ ಪ್ರಕಾರ ಅವರ ಬದುಕಿನ ಮಂಕು ಕಾಲ ಅದು. 2004ರ ಜನವರಿಯಲ್ಲಿ ನ್ಯೂಯಾರ್ಕ್ ರೇಂಜರ್ಸ್‌ಗೆ ಕಳಿಸಿದರು. ಕಳಿಸಿದ ಮೇಲೂ ಸಂಬಳದ ಒಂದು ಪಾಲು ವಾಷಿಂಗ್ಟನ್ನೇ ಕಟ್ಟಬೇಕಿತ್ತು. ಪಾಪ ಅನ್ನಬೇಡಿ. ಆ ಸೀಸನ್ನಿನಲ್ಲಿ ತಂಡ ತಳ ಮುಟ್ಟಿದ್ದರಿಂದಲೇ ಮುಂದಿನ ಡ್ರಾಫ್ಟಿನಲ್ಲಿ ಅವರಿಗೆ ಮುಂದೆ ದೊಡ್ಡ ತಾರೆಯಾದ ಅಲೆಕ್ಸಾಂಡರ್ ಒವೆಚ್ಕಿನ್ ಸಿಕ್ಕಿದರು.

ನ್ಯೂಯಾರ್ಕ್‌ನಲ್ಲಿ ಯಾಗರ್ ಮತ್ತೆ ಎದ್ದು ನಿಂತರು. ಎರಡನೇ ಲಾಕೌಟ್ ಮುಗಿದು 2005–06ರಲ್ಲಿ 54 ಗೋಲು, 123 ಪಾಯಿಂಟ್. ಎರಡೂ ಆ ತಂಡದ ದಾಖಲೆ. ಸುತ್ತಮುತ್ತ ಜೆಕ್ ಆಟಗಾರರೇ ತುಂಬಿದ್ದರು. ಮಾರ್ಟಿನ್ ಸ್ಟ್ರಾಕಾ, ಮಿಖಲ್ ರೋಜಿವಾಲ್, ಮಾರೆಕ್ ಮಾಲಿಕ್, ಎಳೆಯ ಪೀಟರ್ ಪ್ರೂಖಾ. 15 ವರ್ಷ ಹಿಂದೆ ಒಬ್ಬ ಹರ್ದಿನಾ ಮಾಡಿದ ಕೆಲಸ ಇಲ್ಲಿ ಇಡೀ ತಂಡ ಮಾಡಿತು ಅನ್ನಿಸುತ್ತದೆ. 2005ರಲ್ಲಿ ವಿಯೆನ್ನಾದಲ್ಲಿ ವಿಶ್ವ ಚಾಂಪಿಯನ್‌ಶಿಪ್ ಚಿನ್ನವೂ ಬಂದಿತ್ತು. ಸ್ಟಾನ್ಲಿ ಕಪ್, ಒಲಿಂಪಿಕ್ ಚಿನ್ನ, ವಿಶ್ವ ಚಾಂಪಿಯನ್‌ಶಿಪ್ ಚಿನ್ನ, ಮೂರೂ ಇರುವವರು ಪ್ರಪಂಚದಲ್ಲಿ ಬೆರಳೆಣಿಕೆಗಿಂತ ಸ್ವಲ್ಪ ಹೆಚ್ಚು, ಅಷ್ಟೇ.

2008ರಲ್ಲಿ ವಯಸ್ಸು 36. ರೇಂಜರ್ಸ್ ಜೊತೆ ಹೊಸ ಒಪ್ಪಂದ ಕುದುರಲಿಲ್ಲ. ಯಾಗರ್ ಹೋದದ್ದು ಓಮ್ಸ್ಕ್‌ಗೆ. ಇರ್ತಿಶ್ ನದಿಯ ದಡದ ಸೈಬೀರಿಯನ್ ಊರು, ಮಾಸ್ಕೊಗಿಂತ ಮೂರು ಗಂಟೆ ಮುಂದೆ. 2004ರ ಲಾಕೌಟಿನಲ್ಲಿ ಕ್ಲಾದ್ನೊ ಆದ ಮೇಲೆ ಇಲ್ಲಿನ ಅವಂಗಾರ್ಡ್ ಓಮ್ಸ್ಕ್ ತಂಡದಲ್ಲಿ ಆಡಿದ್ದರು, ಪರಿಚಯ ಇತ್ತು. ಆ ವರ್ಷವೇ ರಷ್ಯಾದಲ್ಲಿ ಕೆಎಚ್‌ಎಲ್ ಎಂಬ ಹೊಸ ಲೀಗ್ ಶುರುವಾಗಿತ್ತು, ದುಡ್ಡಿಗೆ ಬರ ಇರಲಿಲ್ಲ. ಅಜ್ಜನ ನೆನಪಿಗೆ 68 ಹಾಕಿಕೊಂಡವರು ರಷ್ಯಾಕ್ಕೆ ಹೇಗೆ ಹೋದರು ಅಂತ ನೀವು ಕೇಳಬಹುದು. ಅವರಿಗೆ ಸಿಟ್ಟು ಇದ್ದದ್ದು ಆಳುವವರ ಮೇಲೆ, ಜನರ ಮೇಲೆ ಅಲ್ಲ ಅಂತ ನನಗೆ ತೋರುತ್ತದೆ. 68 ಹಾಕಿಕೊಂಡೇ ಅಲ್ಲಿ ಆಡಿದರು. ಅದಕ್ಕೂ ಮುಂಚೆ, 2001ರಲ್ಲಿ, ಆರ್ಥೊಡಾಕ್ಸ್ ಕ್ರೈಸ್ತ ದೀಕ್ಷೆಯನ್ನೂ ಪಡೆದಿದ್ದರು.

ಓಮ್ಸ್ಕ್‌ನ ಮೊದಲ ವರ್ಷವೇ ಒಂದು ಕೆಟ್ಟ ದಿನ ಬಂತು. 2008ರ ಅಕ್ಟೋಬರ್ 13. ಮಾಸ್ಕೊ ಬಳಿಯ ಚೆಖೊವ್‌ನಲ್ಲಿ ಪಂದ್ಯ. ಅಲೆಕ್ಸಿ ಚೆರೆಪಾನೊವ್ ಎಂಬ 19ರ ಹುಡುಗ ಯಾಗರ್ ಜೊತೆ ಒಂದೇ ಸಾಲಿನಲ್ಲಿ ಆಡುತ್ತಿದ್ದ. ರೇಂಜರ್ಸ್ ಆಗಲೇ ಡ್ರಾಫ್ಟ್ ಮಾಡಿಟ್ಟಿದ್ದ ಹುಡುಗ. ಪಂದ್ಯ ಇನ್ನೇನು ಮುಗಿಯಬೇಕು. ಬೆಂಚಿಗೆ ಬಂದು ಯಾಗರ್ ಪಕ್ಕದಲ್ಲಿ ಕೂತವನು ಹಾಗೇ ಕುಸಿದ. ಹೃದಯದ ತೊಂದರೆ. ಆಂಬುಲೆನ್ಸ್ ಅಂಗಳ ಬಿಟ್ಟು ಹೋಗಿಯಾಗಿತ್ತು. ಹುಡುಗ ಉಳಿಯಲಿಲ್ಲ. ಇಷ್ಟಾದ ಮೇಲೂ ಯಾಗರ್ ಮೂರು ವರ್ಷ ಅಲ್ಲೇ ಆಡಿದರು, ನಾಯಕರೂ ಆದರು. 2010ರಲ್ಲಿ ವ್ಯಾಂಕೂವರ್ ಒಲಿಂಪಿಕ್ಸ್‌ನಲ್ಲಿ ಜೆಕ್ ಧ್ವಜ ಹಿಡಿದು ನಡೆದರು. ಡ್ರಾಫ್ಟ್ ಆದ ಅದೇ ಊರು. ಅದೇ ವರ್ಷ ಜರ್ಮನಿಯಲ್ಲಿ ಮತ್ತೊಂದು ವಿಶ್ವ ಚಾಂಪಿಯನ್‌ಶಿಪ್ ಚಿನ್ನ.

ಒಂದು ಲೆಕ್ಕ ಹಾಕಿ. ಎನ್‌ಎಚ್‌ಎಲ್‌ನಲ್ಲಿ 2,000 ಪಾಯಿಂಟ್ ದಾಟಿದವರು ಗ್ರೆಟ್‌ಸ್ಕಿ ಒಬ್ಬರೇ. ಯಾಗರ್‌ಗೆ ಕಡಿಮೆ ಬಿದ್ದದ್ದು 79. ಓಮ್ಸ್ಕ್‌ನ ಮೂರು ವರ್ಷದಲ್ಲಿ ಎರಡನ್ನು ಅಮೆರಿಕದಲ್ಲಿ ಕಳೆದಿದ್ದರೂ ಆ 79 ಬಂದುಬಿಡುತ್ತಿತ್ತು. 2004ರ ಲಾಕೌಟ್ ಒಂದು ಇಡೀ ಸೀಸನ್ನನ್ನೇ ನುಂಗಿತು, ಅದು ಬೇರೆ. ದಾಖಲೆಯ ಆಸೆ ಇದ್ದವರು ಹೀಗೆ ಮಾಡುತ್ತಿರಲಿಲ್ಲ.

2011ರಲ್ಲಿ ವಾಪಸ್ ಬರುತ್ತೇನೆ ಅಂದರು. ಪಿಟ್ಸ್‌ಬರ್ಗ್ ಜನ ಹಬ್ಬಕ್ಕೆ ಕಾದ ಹಾಗೆ ಕಾದರು. ಯಾಗರ್ ಸಹಿ ಹಾಕಿದ್ದು ಫಿಲಡೆಲ್ಫಿಯಾಕ್ಕೆ, ಪಿಟ್ಸ್‌ಬರ್ಗ್‌ನ ಬದ್ಧ ವೈರಿಗಳಿಗೆ! ಒಂದು ವರ್ಷಕ್ಕೆ 33 ಲಕ್ಷ ಡಾಲರ್. ಹಳೇ ಊರಿಗೆ ಆಡಲು ಬಂದಾಗ ಪಕ್ ಮುಟ್ಟಿದಾಗಲೆಲ್ಲ ಜನ ಬೂ ಅಂದರು. ಅವರು ಗೋಲು ಹೊಡೆದು ತಮ್ಮ ಹಳೇ ಸೆಲ್ಯೂಟ್ ಹೊಡೆದರು. ದ್ರೋಹ ಅಂದರು ಜನ. ನನಗೆ ಹಾಗೆ ಅನ್ನಿಸುವುದಿಲ್ಲ. ಹತ್ತು ವರ್ಷ ಹಿಂದೆ ಉಳಿತಾಯಕ್ಕೆ ಅವರನ್ನು ಕಳಿಸಿದ್ದು ಅದೇ ತಂಡ ತಾನೇ?

ಇಲ್ಲಿಂದ ಅಲೆದಾಟದ ರೀತಿಯೇ ಬದಲಾಗುತ್ತದೆ. ಹೆಚ್ಚುಕಡಿಮೆ ಎಲ್ಲಾ ಒಪ್ಪಂದವೂ ಒಂದೊಂದು ವರ್ಷದ್ದು. ದೊಡ್ಡ ತಾರೆಗಳು ಸಾಮಾನ್ಯವಾಗಿ ಇದನ್ನು ಒಪ್ಪುವುದಿಲ್ಲ. ಮೊದಲ ಸ್ಥಾನ ಹೋಯಿತು ಅಂದರೆ ನಿವೃತ್ತಿ ಘೋಷಿಸಿ ಗೌರವ ಉಳಿಸಿಕೊಳ್ಳುತ್ತಾರೆ. ಯಾಗರ್‌ಗೆ ಆ ಮುಜುಗರ ಇರಲಿಲ್ಲ. ಡಲ್ಲಾಸ್ ಕರೆಯಿತು, ಹೋದರು. 2013ರ ಏಪ್ರಿಲ್‌ನಲ್ಲಿ ಡಲ್ಲಾಸ್ ಅವರನ್ನು ಬಾಸ್ಟನ್‌ಗೆ ಟ್ರೇಡ್ ಮಾಡಿತು, ಹೋದರು. ಬಾಸ್ಟನ್ ಫೈನಲ್ ತಲುಪಿತು. 1992ರ ನಂತರ ಯಾಗರ್‌ಗೆ ಅದೇ ಮೊದಲ ಫೈನಲ್, 21 ವರ್ಷದ ಅಂತರ. ಎದುರಾಳಿ ಮತ್ತೆ ಶಿಕಾಗೊ. ಈ ಸಲ ಶಿಕಾಗೊ ಗೆದ್ದಿತು. ಆ ಪ್ಲೇಆಫ್‌ನಲ್ಲಿ ಯಾಗರ್ ಹತ್ತು ಅಸಿಸ್ಟ್ ಮಾಡಿದರು, ಗೋಲು ಒಂದೂ ಇಲ್ಲ.

ಆಮೇಲೆ ನ್ಯೂಜೆರ್ಸಿ. ಅಲ್ಲಿಗೆ ಹೋದ ಮೊದಲ ವರ್ಷವೇ 67 ಪಾಯಿಂಟ್. ತಂಡದಲ್ಲಿ ಅವರದ್ದೇ ಹೆಚ್ಚು, ಆಗ ವಯಸ್ಸು 42. ಎಳೆಯರು ಪಂದ್ಯ ಮುಗಿಸಿ ಮನೆಗೆ ಹೋದ ಮೇಲೆ ಇವರು ಮೈಗೆ ತೂಕದ ಜಾಕೆಟ್, ಕಾಲಿಗೆ ತೂಕ ಕಟ್ಟಿಕೊಂಡು ರಾತ್ರಿ ಹೊತ್ತು ಖಾಲಿ ಅಂಗಳದಲ್ಲಿ ಸ್ಕೇಟ್ ಮಾಡುತ್ತಿದ್ದರು. ಚಿಕ್ಕಂದಿನ ಬಸ್ಕಿಯ ಮುಂದುವರಿಕೆ ಇದು. ಬೇರೆ ಗುಟ್ಟು ಏನೂ ಇಲ್ಲ.

2015ರಲ್ಲಿ ಫ್ಲಾರಿಡಾ. ಅಲ್ಲಿ ಅವರ ಜೊತೆ ಆಡಿದವರು ಅಲೆಕ್ಸಾಂಡರ್ ಬಾರ್ಕೊವ್ ಮತ್ತು ಜೊನಾಥನ್ ಹ್ಯೂಬರ್ಡೊ. ಬಾರ್ಕೊವ್ ಹುಟ್ಟಿದ್ದು 1995ರಲ್ಲಿ, ಯಾಗರ್ ಮೊದಲ ಆರ್ಟ್ ರಾಸ್ ಗೆದ್ದ ವರ್ಷ. 2015–16ರಲ್ಲಿ ಯಾಗರ್ 66 ಪಾಯಿಂಟ್ ಗಳಿಸಿದರು, ತಂಡ ತನ್ನ ಡಿವಿಷನ್ ಗೆದ್ದಿತು. ಒಂದು ಕಾಲಕ್ಕೆ ಹರ್ದಿನಾ ಇದ್ದ ಜಾಗದಲ್ಲಿ ಈಗ ಯಾಗರ್ ಇದ್ದರು. 2016ರ ಡಿಸೆಂಬರಿನಲ್ಲಿ ಮಾರ್ಕ್ ಮೆಸಿಯೆಯ 1,887 ಪಾಯಿಂಟ್ ದಾಟಿ, ಲೀಗಿನ ಪಾಯಿಂಟ್ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೆ ಬಂದರು. 1,900ನೇ ಪಾಯಿಂಟ್ ಬಂದದ್ದು 45ನೇ ಹುಟ್ಟುಹಬ್ಬದ ದಿನ. ಕೊನೆಯದು ಕ್ಯಾಲ್ಗರಿ. 22 ಪಂದ್ಯ, ಒಂದೇ ಗೋಲು, ಮೈಯಲ್ಲಿ ಗಾಯಗಳು. 2018ರ ಜನವರಿಯಲ್ಲಿ ಅಲ್ಲಿಂದ ಹೊರಟರು.

ಎಲ್ಲಿಗೆ ಅಂತ ನಿಮಗೆ ಗೊತ್ತು.

ಕ್ಲಾದ್ನೊ ಕ್ಲಬ್ಬಿನ ಮಾಲೀಕರು ಅಷ್ಟರಲ್ಲಿ ಅವರೇ. 2011ರಿಂದ ಬಹುಪಾಲು ಅವರ ಕೈಯಲ್ಲಿತ್ತು, ಅದಕ್ಕೂ ಮುಂಚೆ ಅವರ ಅಪ್ಪ ನೋಡಿಕೊಳ್ಳುತ್ತಿದ್ದರು. ಕಾರ್ಖಾನೆಯ ಆಸರೆ ಇದ್ದ ಕಾಲ ಮುಗಿದಿತ್ತು. ತಂಡ 2014ರಲ್ಲಿ ಎರಡನೇ ದರ್ಜೆಗೆ ಬಿದ್ದಿತ್ತು. ಮಾಲೀಕರೇ ಜೆರ್ಸಿ ಹಾಕಿಕೊಂಡು ಇಳಿದರು. 2019ರಲ್ಲಿ ತಂಡ ಮೇಲೇರಿತು, ಆಗ ವಯಸ್ಸು 47. ಮರುವರ್ಷ ಮತ್ತೆ ಬಿತ್ತು. 2021ರಲ್ಲಿ ಮತ್ತೆ ಎದ್ದಿತು. ಆಡದೆ ಆಫೀಸಿನಲ್ಲಿ ಕೂರಬಹುದಿತ್ತಲ್ಲ ಅನ್ನಬಹುದು. ಅವರು ಆಡಿದರೆ ಜನ ಬರುತ್ತಾರೆ, ಜನ ಬಂದರೆ ಪ್ರಾಯೋಜಕರು ಬರುತ್ತಾರೆ. ಸಣ್ಣ ಊರಿನ ಕ್ಲಬ್ಬಿಗೆ ಇದು ಅನ್ನದ ಪ್ರಶ್ನೆ. 2022ರ ನವೆಂಬರಿನಲ್ಲಿ ಅಪ್ಪ ತೀರಿಕೊಂಡರು. ಆಮೇಲೂ ಮಗ ಆಡಿದರು.

ಪಿಟ್ಸ್‌ಬರ್ಗ್ ಜೊತೆಗಿನ ಮುನಿಸು ಕರಗಿದ್ದು 2024ರ ಫೆಬ್ರವರಿ 18ರಂದು. ಆ ದಿನ 68ನೇ ನಂಬರನ್ನು ಅಂಗಳದ ಮಾಡಿಗೆ ಏರಿಸಿದರು, ಇನ್ನು ಆ ತಂಡದಲ್ಲಿ ಯಾರೂ ಅದನ್ನು ಹಾಕುವ ಹಾಗಿಲ್ಲ. ಅಲ್ಲಿ ಅದಕ್ಕೂ ಮುಂಚೆ ಇದ್ದದ್ದು ಎರಡೇ, ಮಿಶೆಲ್ ಬ್ರಿಯೇರ್ ಅವರ 21 ಮತ್ತು ಲೆಮ್ಯೂ ಅವರ 66. ಬೂ ಅಂದಿದ್ದ ಊರೇ ಎದ್ದು ನಿಂತು ಚಪ್ಪಾಳೆ ತಟ್ಟಿತು. ಯಾಗರ್ ಬರೀ ಸೂಟು ಹಾಕಿಕೊಂಡು ಕೈಬೀಸಲಿಲ್ಲ. ಪಂದ್ಯಕ್ಕೆ ಮುಂಚಿನ ಅಭ್ಯಾಸದಲ್ಲಿ ಪೂರ್ತಿ ಸಜ್ಜಾಗಿ ಈಗಿನ ತಂಡದವರ ಜೊತೆ ಮಂಜಿಗಿಳಿದರು. ಸಮಾರಂಭ ಮುಗಿಸಿ ಕ್ಲಾದ್ನೊಗೆ ಹೋದರು. ಮುಂದಿನ ಸೀಸನ್ನಿನಲ್ಲೂ ಆಡಿದರು.

ಇದರಿಂದ ಟೊರಾಂಟೊದಲ್ಲಿರುವ ಹಾಕಿ ಹಾಲ್ ಆಫ್ ಫೇಮ್‌ನವರಿಗೆ ಒಂದು ಪೇಚಾಟ. ಆಟ ನಿಲ್ಲಿಸಿ ಮೂರು ಸೀಸನ್ ಆಗದ ಹೊರತು ಯಾರನ್ನೂ ಸೇರಿಸಿಕೊಳ್ಳುವ ಹಾಗಿಲ್ಲ ಅನ್ನುವುದು ಅಲ್ಲಿನ ನಿಯಮ. ಲೆಮ್ಯೂಗೆ 1997ರಲ್ಲಿ ಆ ನಿಯಮ ಸಡಿಲಿಸಿ ಒಳಗೆ ಸೇರಿಸಿಕೊಂಡರು, ಅವರು ಮೂರು ವರ್ಷದ ನಂತರ ಮತ್ತೆ ಆಡಲು ಬಂದುಬಿಟ್ಟರು! ಯಾಗರ್ ವಿಷಯದಲ್ಲಿ ಸಡಿಲಿಸುವ ಮಾತೇ ಇರಲಿಲ್ಲ, ನಿಲ್ಲಿಸಿದ್ದರೆ ತಾನೇ ಮೂರು ವರ್ಷ ಎಣಿಸುವುದು? 68 ಮಾಡಿಗೇರಿದ ದಿನವೂ ಪಾಯಿಂಟ್ ಪಟ್ಟಿಯ ಎರಡನೆಯವರು ಹಾಲ್ ಆಫ್ ಫೇಮ್‌ನ ಹೊರಗೇ ಇದ್ದರು. ಕ್ಲಾದ್ನೊದಲ್ಲಿ ಸೀಸನ್ ಇನ್ನೂ ಮುಗಿದಿರಲಿಲ್ಲ.